ಆಶ್ರಯವೂ ಆರೋಗ್ಯವೂ: ಮಹಾಸಾಂಕ್ರಾಮಿಕದ ಕಾಲದಲ್ಲಿ ವೃದ್ಧಾಶ್ರಮವಾಸಿಗಳ ರಕ್ಷಣೆ



೧

ಇಂದಿನ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವ ವಿಷಯವು ವೈದ್ಯಶಾಸ್ತ್ರಕ್ಕೆ ಸೇರಿದ್ದೆಂದು ಮೇಲ್ನೋಟಕ್ಕೆ ತೋರಬಹುದಾದರೂ ಅದರ ಬೇರು ಇರುವುದು ಸಮಾಜಧರ್ಮದಲ್ಲಿ. ಮಹಾಸಾಂಕ್ರಾಮಿಕವೊಂದು ಲೋಕವನ್ನು ಆವರಿಸಿದಾಗ, ವೃದ್ಧಾಶ್ರಮಗಳಲ್ಲಿಯೂ ಶುಶ್ರೂಷಾಲಯಗಳಲ್ಲಿಯೂ ವಾಸವಾಗಿರುವ ಹಿರಿಯರನ್ನು ಕಾಪಾಡುವ ಹೊಣೆ ಯಾರದು, ಆ ಕಾಪಿನ ಕ್ರಮವೇನು, ಅದರಲ್ಲಿ ಲಸಿಕೆಗೆ ಸಲ್ಲತಕ್ಕ ಸ್ಥಾನವೇನು, ಕಾಪಾಡುವ ಹೆಸರಿನಲ್ಲಿ ನಾವು ಅವರಿಂದ ಕಸಿದುಕೊಳ್ಳಬಾರದದ್ದು ಯಾವುದು ಎಂಬ ನಾಲ್ಕು ಪ್ರಶ್ನೆಗಳನ್ನು, ೨೦೨೦ರಿಂದ ಮೂರು ವರ್ಷಗಳ ಕಾಲ ಕೋವಿಡ್ ವ್ಯಾಧಿಯು ಜಗತ್ತಿಗೆ ಕಲಿಸಿದ ಪಾಠಗಳ ಬೆಳಕಿನಲ್ಲಿ ವಿಚಾರ ಮಾಡುವುದು ನನ್ನ ಉದ್ದೇಶ.

ನನ್ನ ಪ್ರತಿಪಾದನೆಯನ್ನು ಆರಂಭದಲ್ಲಿಯೇ ಸೂತ್ರರೂಪವಾಗಿ ಹೇಳಿಬಿಡುತ್ತೇನೆ. ಆಶ್ರಮವಾಸಿಗಳಾದ ಹಿರಿಯರ ಆರೋಗ್ಯವು ಅವರ ದೇಹದಲ್ಲಿ ಮಾತ್ರ ನೆಲಸಿರತಕ್ಕದ್ದಲ್ಲ. ಅವರನ್ನು ಎತ್ತಿ ಕೂರಿಸುವ, ಉಣ್ಣಿಸುವ, ಮೀಯಿಸುವ, ಆಗಾಗ ಬಂದು ಮಾತನಾಡಿಸಿ ಹೋಗುವ ಜನರ ವಲಯವೊಂದು ಅವರ ಸುತ್ತ ಇದೆಯಷ್ಟೆ; ಆ ವಲಯ ಸ್ವಸ್ಥವಾಗಿದ್ದರೆ ಅವರು ಸ್ವಸ್ಥರು, ಅದು ಅಸ್ವಸ್ಥವಾದರೆ ಗೋಡೆ ಬಾಗಿಲುಗಳು ಅವರನ್ನು ಉಳಿಸಲಾರವು. ಆದುದರಿಂದ ರಕ್ಷಣೆಯ ಉಪಾಯವೆಲ್ಲವೂ ಆ ವಲಯವನ್ನು ಬಲಪಡಿಸುವ ಉಪಾಯವಾಗಿರಬೇಕೇ ಹೊರತು ಅದನ್ನು ಕಡಿದುಹಾಕುವ ಉಪಾಯವಾಗಿರಕೂಡದು.

ವೃದ್ಧಾಶ್ರಮವು ನಮ್ಮ ನಾಡಿಗೆ ತೀರ ಹೊಸದಲ್ಲವಾದರೂ, ಅದು ಸಾಮಾನ್ಯ ಕುಟುಂಬಗಳ ಆಲೋಚನೆಯಲ್ಲಿ ಒಂದು ಸಾಧ್ಯತೆಯಾಗಿ ನಿಂತದ್ದು ಈಚಿನ ಎರಡು ಮೂರು ದಶಕಗಳಲ್ಲಿ. ೨೦೧೧ರ ಜನಗಣತಿಯ ಪ್ರಕಾರ ದೇಶದಲ್ಲಿ ಅರುವತ್ತು ಮೀರಿದವರು ೧೦ ಕೋಟಿಗೂ ಮಿಕ್ಕಿದ್ದರು. ಕರ್ನಾಟಕದಲ್ಲಿ ಅವರ ಪ್ರಮಾಣ ನೂರಕ್ಕೆ ೯ನ್ನು ಮೀರಿತ್ತು. ಮಾತಾಪಿತೃಗಳ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ ೨೦೦೭ರಲ್ಲಿ ಆದ ಕಾಯಿದೆಯು ಪ್ರತಿಯೊಂದು ಜಿಲ್ಲೆಯಲ್ಲಿಯೂ ಕಡಮೆಯೆಂದರೆ ೧೫೦ ಮಂದಿ ನಿರ್ಗತಿಕ ವೃದ್ಧರಿಗೆ ಆಶ್ರಯ ಕೊಡಬಲ್ಲ ಆಶ್ರಮವೊಂದರ ಕಲ್ಪನೆಯನ್ನು ಮುಂದಿಟ್ಟಿತು. ಅಲ್ಲಿಗೆ, ವೃದ್ಧರ ಪಾಲನೆ ಮನೆತನದ ಕರ್ತವ್ಯವಷ್ಟೇ ಅಲ್ಲ, ರಾಜ್ಯದ ಕರ್ತವ್ಯವೂ ಹೌದೆಂದು ಶಾಸನವು ಒಪ್ಪಿಕೊಂಡಂತಾಯಿತು. ಅದಾಗಿ ಹದಿಮೂರು ವರ್ಷಗಳ ತರುವಾಯ, ೨೦೨೦ರ ಮಾರ್ಚ್ ೧೦ರಂದು ತೀರಿಕೊಂಡ ಕಲಬುರಗಿಯ ೭೬ ವರ್ಷದ ಹಿರಿಯರೊಬ್ಬರು ಕೋವಿಡ್‌ನಿಂದ ಮೃತರಾದ ಮೊದಲ ಭಾರತೀಯರೆಂದು ದಾಖಲಾದರು. ಈ ವ್ಯಾಧಿಯು ಯಾರನ್ನು ಮೊದಲು ಅರಸುತ್ತದೆಂಬುದಕ್ಕೆ ನಮ್ಮ ನಾಡೇ ದೇಶಕ್ಕೆ ಪ್ರಥಮ ನಿದರ್ಶನವಾಗಬೇಕಾಗಿ ಬಂತು.

೨

ಸಾಂಕ್ರಾಮಿಕವು ವೃದ್ಧಾಶ್ರಮವನ್ನು ಹೊಕ್ಕಾಗ ಅಷ್ಟು ಕ್ರೂರವಾಗುವುದೇಕೆ ಎಂಬುದನ್ನು ಮೊದಲು ತಿಳಿಯಬೇಕು. ವಯಸ್ಸೊಂದೇ ಅದಕ್ಕೆ ಕಾರಣವೆಂದುಕೊಂಡರೆ ಅರ್ಧ ಸತ್ಯವನ್ನು ಹಿಡಿದಂತಾಗುತ್ತದೆ. ಎದೆಗೂಡಿನಲ್ಲಿರುವ ಥೈಮಸ್ ಎಂಬ ಗ್ರಂಥಿಯು ವಯಸ್ಸಾದಂತೆ ಕ್ಷಯಿಸುವುದರಿಂದ ಹೊಸ ರೋಗಾಣುವನ್ನು ಎದುರಿಸಬಲ್ಲ ಹೊಸ ಕಣಗಳ ಉತ್ಪತ್ತಿ ಕುಗ್ಗುತ್ತದೆಂಬುದೂ, ಮಧುಮೇಹ, ಹೃದ್ರೋಗ, ಶ್ವಾಸರೋಗಗಳು ಕೂಡಿದಾಗ ಶರೀರದ ತಾಳಿಕೆ ಇನ್ನಷ್ಟು ಇಳಿಯುತ್ತದೆಂಬುದೂ ನಿಜವೇ. ಆದರೆ ಅದೇ ವಯಸ್ಸಿನ, ಅದೇ ರೋಗಗಳುಳ್ಳ ಇಬ್ಬರಲ್ಲಿ ಒಬ್ಬರು ಮಗನ ಮನೆಯ ಕೋಣೆಯಲ್ಲಿಯೂ ಇನ್ನೊಬ್ಬರು ನಲವತ್ತು ಹಾಸಿಗೆಗಳ ಆಶ್ರಮದಲ್ಲಿಯೂ ಇದ್ದರೆ, ಇಬ್ಬರಿಗೂ ಒದಗುವ ಅಪಾಯ ಸಮಾನವಲ್ಲ. ಆಶ್ರಮದಲ್ಲಿ ಊಟದ ಪಂಕ್ತಿ ಒಂದೇ, ಸ್ನಾನದ ಮನೆ ಒಂದೇ, ಒಬ್ಬರ ಮೈ ಒರೆಸಿದ ಆಯಾ ಮರುಕ್ಷಣ ಇನ್ನೊಬ್ಬರ ಮೈ ಒರೆಸಬೇಕು. ಮುಟ್ಟದೆ ಮಾಡಬಹುದಾದ ಶುಶ್ರೂಷೆ ಎಂಬುದು ಇಲ್ಲ.

೨೦೨೦ರ ಫೆಬ್ರವರಿಯ ಕೊನೆಯಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕರ್ಕ್‌ಲೆಂಡ್ ಎಂಬ ಊರಿನ ಶುಶ್ರೂಷಾಲಯವೊಂದರಲ್ಲಿ ರೋಗ ಕಾಣಿಸಿಕೊಂಡಿತು. ಮಾರ್ಚ್ ೧೮ರ ವೇಳೆಗೆ ಅದಕ್ಕೆ ಸಂಬಂಧಪಟ್ಟಂತೆ ರೋಗಿಗಳೆಂದು ಗೊತ್ತಾದವರು ೧೬೭ ಮಂದಿ. ಅವರಲ್ಲಿ ನಿವಾಸಿಗಳು ೧೦೧, ಸಿಬ್ಬಂದಿ ೫೦, ನೋಡಲು ಬಂದವರು ೧೬. ಈ ವಿಂಗಡಣೆಯನ್ನು ಗಮನಿಸಿದರೆ ನಾನು ಹೇಳಿದ ವಲಯದ ಚಿತ್ರ ತಾನಾಗಿಯೇ ಮೂಡುತ್ತದೆ. ಕಡಮೆ ಸಂಬಳಕ್ಕೆ ದುಡಿಯುತ್ತಿದ್ದ ಶುಶ್ರೂಷಕರು ಹೊಟ್ಟೆಪಾಡಿಗಾಗಿ ಒಂದಕ್ಕಿಂತ ಹೆಚ್ಚು ಆಲಯಗಳಲ್ಲಿ ಕೆಲಸ ಮಾಡುತ್ತಿದ್ದುದೂ, ಮೈ ಸರಿಯಿಲ್ಲದಾಗಲೂ ಕೆಲಸಕ್ಕೆ ಹಾಜರಾಗುತ್ತಿದ್ದುದೂ ರೋಗ ಹಬ್ಬಲು ಕಾರಣವಾಯಿತೆಂದು ತನಿಖೆ ಮಾಡಿದವರು ಬರೆದರು. ಆ ಪ್ರಾಂತದ್ದೇ ಆದ ಇನ್ನೊಂದು ಶುಶ್ರೂಷಾಲಯದಲ್ಲಿ ೭೬ ನಿವಾಸಿಗಳನ್ನು ಪರೀಕ್ಷಿಸಿದಾಗ ೪೮ ಮಂದಿಗೆ ಸೋಂಕಿತ್ತು. ಆ ೪೮ ಮಂದಿಯಲ್ಲಿ ೨೭ ಮಂದಿಗೆ ಪರೀಕ್ಷೆಯ ದಿನ ಯಾವ ರೋಗಲಕ್ಷಣವೂ ಇರಲಿಲ್ಲ. ಜ್ವರ ಬಂದವರನ್ನು ಪ್ರತ್ಯೇಕಿಸಿದರೆ ಸಾಕೆಂಬ ಹಳೆಯ ನಂಬಿಕೆ ಅಲ್ಲಿಗೆ ಕುಸಿಯಿತು.

ಇಂಗ್ಲೆಂಡಿನಲ್ಲಿ ನಡೆದದ್ದು ಬೇರೊಂದು ಬಗೆಯ ಪ್ರಮಾದ. ಆಸ್ಪತ್ರೆಗಳ ಹಾಸಿಗೆಗಳನ್ನು ತೆರವು ಮಾಡುವ ತ್ವರೆಯಲ್ಲಿ, ೨೦೨೦ರ ಮಾರ್ಚ್ ಏಪ್ರಿಲ್ ತಿಂಗಳುಗಳಲ್ಲಿ, ಪರೀಕ್ಷೆಯಿಲ್ಲದೆಯೇ ವೃದ್ಧರನ್ನು ಆಸ್ಪತ್ರೆಗಳಿಂದ ಆರೈಕೆಮನೆಗಳಿಗೆ ಕಳುಹಿಸಲಾಯಿತು. ಹಾಗೆ ಬಂದವರನ್ನು ಕೆಲವು ದಿನ ಬೇರೆಯಾಗಿರಿಸಬೇಕೆಂಬ ಸಲಹೆಯನ್ನು ಕೂಡ ಕೊಡದಿದ್ದ ಆ ನೀತಿಯು ಕಾನೂನಿಗೆ ವಿರುದ್ಧವಾದದ್ದೆಂದು ಅಲ್ಲಿಯ ಉಚ್ಚ ನ್ಯಾಯಾಲಯವು ೨೦೨೨ರ ಏಪ್ರಿಲ್‌ನಲ್ಲಿ ತೀರ್ಪಿತ್ತಿತು. ಕೆನಡಾ ದೇಶದಲ್ಲಂತೂ ಮೊದಲ ಅಲೆಯಲ್ಲಿ ಸತ್ತವರ ಪೈಕಿ ನೂರಕ್ಕೆ ೮೦ರಷ್ಟು ಜನ ಇಂಥ ದೀರ್ಘಕಾಲಿಕ ಆರೈಕೆಯ ಮನೆಗಳಲ್ಲಿದ್ದವರು. ಸಂಪತ್ತಿಗಾಗಲಿ ವೈದ್ಯವಿದ್ಯೆಗಾಗಲಿ ಕೊರತೆಯಿಲ್ಲದ ನಾಡುಗಳಲ್ಲಿ ಹೀಗಾಯಿತೆಂದರೆ, ಅಲ್ಲಿ ಕೊರತೆಯಾದದ್ದು ದೃಷ್ಟಿ. ಆಸ್ಪತ್ರೆಯನ್ನು ರಕ್ಷಿಸಬೇಕಾದ ಕೋಟೆಯೆಂದು ಭಾವಿಸಿದವರು ಆರೈಕೆಮನೆಯನ್ನು ಅದರ ಹೊರಗಿನ ಬಯಲೆಂದು ತಿಳಿದರು.

೩

ಲಸಿಕೆ ಸಿದ್ಧವಾದ ಮೇಲೆ ಎದ್ದ ಮೊದಲ ಪ್ರಶ್ನೆ, ಯಾರಿಗೆ ಮೊದಲು ಎಂಬುದು. ಬ್ರಿಟನ್ನಿನ ತಜ್ಞರ ಸಮಿತಿಯು ಆರೈಕೆಮನೆಗಳ ವೃದ್ಧ ನಿವಾಸಿಗಳನ್ನೂ ಅವರ ಶುಶ್ರೂಷಕರನ್ನೂ ಒಂದೇ ಪಂಕ್ತಿಯಲ್ಲಿ, ಎಲ್ಲರಿಗಿಂತ ಮುಂದೆ ನಿಲ್ಲಿಸಿತು. ಅಮೆರಿಕದ ಸಲಹಾ ಸಮಿತಿಯು ೨೦೨೦ರ ಡಿಸೆಂಬರ್ ೧ರಂದು ವೈದ್ಯಕೀಯ ಸಿಬ್ಬಂದಿಯನ್ನೂ ಶುಶ್ರೂಷಾಲಯವಾಸಿಗಳನ್ನೂ ಮೊದಲ ಹಂತಕ್ಕೆ ಸೇರಿಸಿತು. ಹದಿಮೂರು ಮತಗಳು ಪರವಾಗಿ, ಒಂದು ವಿರುದ್ಧವಾಗಿ. ಆ ಒಂದು ವಿರೋಧಮತದ ಹಿಂದೆ ಇದ್ದ ಸಂದೇಹವು ಕ್ಷುಲ್ಲಕವಾದದ್ದಲ್ಲ. ಲಸಿಕೆಯ ಪ್ರಯೋಗಗಳು ಬಹುಮಟ್ಟಿಗೆ ನಡೆದದ್ದು ತಮ್ಮ ಕಾಲ ಮೇಲೆ ತಾವು ನಿಲ್ಲಬಲ್ಲ ಜನರ ಮೇಲೆ. ಹಾಸಿಗೆ ಹಿಡಿದ ಅತಿವೃದ್ಧರಲ್ಲಿ ಅದರ ಗುಣವೆಷ್ಟು, ದೋಷವೆಷ್ಟು ಎಂಬುದಕ್ಕೆ ಆಗ ಪ್ರತ್ಯಕ್ಷ ಪ್ರಮಾಣವಿರಲಿಲ್ಲ.

ಈ ಸಂದೇಹಕ್ಕೆ ಪರೀಕ್ಷೆ ಒದಗಿದ್ದು ನಾರ್ವೆಯಲ್ಲಿ. ೨೦೨೧ರ ಜನವರಿಯಲ್ಲಿ, ಲಸಿಕೆ ಪಡೆದ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಅತಿವೃದ್ಧರು ತೀರಿಕೊಂಡರೆಂಬ ಸುದ್ದಿ ಲೋಕವನ್ನೆಲ್ಲ ಸುತ್ತಿ ಭಯ ಹುಟ್ಟಿಸಿತು. ಆದರೆ ಆ ದೇಶದ ಶುಶ್ರೂಷಾಲಯಗಳಲ್ಲಿ ಸಾಮಾನ್ಯ ಕಾಲದಲ್ಲಿಯೇ ವಾರಕ್ಕೆ ಸುಮಾರು ೪೦೦ ಮರಣಗಳು ಸಂಭವಿಸುತ್ತವೆಂಬುದನ್ನು ಪಕ್ಕದಲ್ಲಿಟ್ಟು ನೋಡಿದಾಗ ಆ ಸಂಖ್ಯೆಯ ಅರ್ಥವೇ ಬೇರೆಯಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಸಮಿತಿಯೂ ಪರಿಶೀಲಿಸಿ, ನಿರೀಕ್ಷೆಗೆ ಮೀರಿದ ಮರಣಗಳು ಇಲ್ಲವೆಂದು ಹೇಳಿತು. ನಾರ್ವೆಯ ಅಧಿಕಾರಿಗಳು ಮಾಡಿದ್ದೂ ವಿವೇಕದ ಕೆಲಸವೇ: ಲಸಿಕೆಯನ್ನು ನಿಲ್ಲಿಸಲಿಲ್ಲ, ಆಯುಸ್ಸು ಅತ್ಯಲ್ಪವಾಗಿ ಉಳಿದಿರುವವರ ವಿಷಯದಲ್ಲಿ ಮಾತ್ರ ವೈದ್ಯರು ಒಬ್ಬೊಬ್ಬರನ್ನೂ ನೋಡಿ ನಿರ್ಧರಿಸಬೇಕೆಂದು ತಿಳಿಸಿದರು. ಕಾಲದಲ್ಲಿ ಹಿಂದುಮುಂದಾಗಿ ಬಂದ ಎರಡು ಸಂಗತಿಗಳನ್ನು ಕಾರಣ ಕಾರ್ಯಗಳೆಂದು ಭ್ರಮಿಸಬಾರದೆಂಬ ತರ್ಕಶಾಸ್ತ್ರದ ಮೊದಲ ಪಾಠವು, ಮರಣವು ನಿತ್ಯದ ಅತಿಥಿಯಾಗಿರುವ ಇಂಥ ಮನೆಗಳಲ್ಲಿ ನೆನಪಿಗೆ ಬರಬೇಕಾದಷ್ಟು ಇನ್ನೆಲ್ಲಿಯೂ ಬರಬೇಕಾಗಿಲ್ಲ.

ಭಾರತದ ಕ್ರಮ ಬೇರೆ. ೨೦೨೧ರ ಜನವರಿ ೧೬ರಂದು ಆರೋಗ್ಯ ಸಂಸ್ಥೆಗಳ ಸಿಬ್ಬಂದಿಗೂ, ಫೆಬ್ರವರಿಯಲ್ಲಿ ಪೊಲೀಸರು, ಪೌರಕಾರ್ಮಿಕರು ಮುಂತಾದ ಮುಂಚೂಣಿಯವರಿಗೂ, ಮಾರ್ಚ್ ೧ರಿಂದ ಅರುವತ್ತು ಮೀರಿದ ಎಲ್ಲರಿಗೂ ಲಸಿಕೆ ದೊರೆಯಿತು. ಇಲ್ಲಿ ಎಣಿಸಿದ್ದು ವಯಸ್ಸನ್ನು, ವಾಸಸ್ಥಾನವನ್ನಲ್ಲ. ಬಹುಪಾಲು ಹಿರಿಯರು ಮನೆಗಳಲ್ಲಿಯೇ ಇರುವ ನಮ್ಮ ದೇಶಕ್ಕೆ ಇದು ಸಹಜವಾದ ನ್ಯಾಯ. ಆದರೆ ಅದರಲ್ಲಿ ಒಂದು ಬಿರುಕಿತ್ತು. ಆರೋಗ್ಯ ಸಂಸ್ಥೆಯೆಂದು ನೋಂದಾಯಿತವಲ್ಲದ ಆಶ್ರಮದ ಮೂವತ್ತು ವರ್ಷದ ಆಯಾ, ಅಡುಗೆಯವನು, ಕಾವಲುಗಾರ ಇವರು ವಯಸ್ಸಿನ ಲೆಕ್ಕದಲ್ಲಿ ಮೇ ೧ರವರೆಗೆ ಕಾಯಬೇಕಾಗಿತ್ತು. ಎರಡನೆಯ ಅಲೆ ಅಪ್ಪಳಿಸಿದ್ದು ಅದಕ್ಕೂ ಮುಂಚೆ. ನಿವಾಸಿಗಳು ಒಂದು ಸಾಲಿನಲ್ಲಿ, ಅವರನ್ನು ಮುಟ್ಟಿ ಪಾಲಿಸುವವರು ಇನ್ನೊಂದು ಸಾಲಿನಲ್ಲಿ ನಿಲ್ಲುವಂತಾದದ್ದು ವಲಯದ ತತ್ತ್ವಕ್ಕೆ ವಿರುದ್ಧವಾದದ್ದು.

೪

ಎರಡನೆಯ ಪ್ರಶ್ನೆ, ಲಸಿಕೆ ಎಲ್ಲಿ ದೊರೆಯಬೇಕು ಎಂಬುದು. ಆದ್ಯತೆಯನ್ನು ಕಾಗದದ ಮೇಲೆ ಬರೆದ ಮಾತ್ರಕ್ಕೆ ಅದು ತೋಳಿಗೆ ತಲುಪುವುದಿಲ್ಲ. ಬ್ರಿಟನ್ನಿನಲ್ಲಿ ಆರೈಕೆಮನೆಗಳಿಗೆ ಮೊದಲ ಸ್ಥಾನವೆಂದು ನಿರ್ಧಾರವಾಗಿದ್ದರೂ, ೨೦೨೦ರ ಡಿಸೆಂಬರ್ ೮ರಂದು ಕವೆಂಟ್ರಿಯಲ್ಲಿ ೯೦ ವರ್ಷದ ಮಾರ್ಗರೆಟ್ ಕೀನನ್ ಅವರಿಗೆ ಮೊದಲ ಲಸಿಕೆ ಹಾಕಿದ್ದು ಆಸ್ಪತ್ರೆಯಲ್ಲಿ. ಶೂನ್ಯಕ್ಕಿಂತ ೭೦ ಡಿಗ್ರಿ ಕೆಳಗಿನ ಶೈತ್ಯದಲ್ಲಿ, ಒಂದೊಂದು ಪೊಟ್ಟಣದಲ್ಲಿ ೯೭೫ ಡೋಸುಗಳಂತೆ ಬರುತ್ತಿದ್ದ ಆ ಲಸಿಕೆಯನ್ನು ಚಿಕ್ಕ ಮನೆಗಳಿಗೆ ಹಂಚಿಕೊಂಡು ಒಯ್ಯುವುದು ಆರಂಭದಲ್ಲಿ ದುಸ್ಸಾಧ್ಯವಾಗಿತ್ತು. ಹೀಗೆ ವಸ್ತುವಿನ ಸ್ವಭಾವವು ನೀತಿಯ ಸಂಕಲ್ಪವನ್ನು ಬಾಗಿಸುತ್ತದೆ.

ನಮ್ಮಲ್ಲಿ ಬಳಕೆಗೆ ಬಂದ ಕೋವಿಶೀಲ್ಡ್ ಮತ್ತು ಕೋವ್ಯಾಕ್ಸಿನ್‌ಗಳಿಗೆ ೨ರಿಂದ ೮ ಡಿಗ್ರಿಯ ತಂಪು ಸಾಕಾಗಿತ್ತು. ಆದರೂ ತೊಡಕುಗಳು ಇಲ್ಲದಿರಲಿಲ್ಲ. ಹತ್ತು ಡೋಸಿನ ಸೀಸೆಯನ್ನು ಒಮ್ಮೆ ತೆರೆದರೆ ನಾಲ್ಕು ಗಂಟೆಗಳೊಳಗೆ ಮುಗಿಸಬೇಕಾಗಿತ್ತು. ಹಾಸಿಗೆ ಹಿಡಿದವರು ಆರೇ ಮಂದಿ ಇರುವ ಆಶ್ರಮದಲ್ಲಿ ನಾಲ್ಕು ಡೋಸುಗಳು ವ್ಯರ್ಥವಾದಾವೆಂದು ಆರೋಗ್ಯ ಕೇಂದ್ರದವರು ಅಂಜುವುದು ಸಹಜ. ಆ ನಾಲ್ಕನ್ನು ಅಲ್ಲಿಯ ಆಯಾಗಳಿಗೂ ಅಡುಗೆಯವರಿಗೂ ಕೊಡಬಹುದೆಂದು ನಿಯಮವು ಮೊದಲಿನಿಂದಲೇ ಹೇಳಿದ್ದಿದ್ದರೆ ನಷ್ಟವೇ ಲಾಭವಾಗುತ್ತಿತ್ತು. ಇನ್ನೊಂದು ತೊಡಕು ಗುರುತಿನದು. ಲಸಿಕೆಗಾಗಿ ಕೋವಿನ್ ಎಂಬ ಅಂತರ್ಜಾಲ ವ್ಯವಸ್ಥೆಯಲ್ಲಿ ಹೆಸರು ನೋಂದಾಯಿಸಬೇಕಾದರೆ ಆಧಾರ್ ಮುಂತಾದ ಗುರುತುಚೀಟಿ ಬೇಕಾಗಿತ್ತು. ಬೀದಿಯಿಂದ ಎತ್ತಿ ತಂದು ಆಶ್ರಯ ಕೊಟ್ಟ ಅನಾಥ ವೃದ್ಧರ ಬಳಿ ಗುರುತುಚೀಟಿ ಇರುವುದೆಂತು? ಅಂಥವರಿಗೂ, ಸೆರೆಮನೆಗಳಲ್ಲಿರುವವರಿಗೂ, ಅಲೆಮಾರಿಗಳಿಗೂ ಚೀಟಿಯಿಲ್ಲದೆ ಲಸಿಕೆ ಹಾಕುವ ವಿಧಾನವನ್ನು ಕೇಂದ್ರ ಸರ್ಕಾರವು ೨೦೨೧ರ ಮೇ ತಿಂಗಳಲ್ಲಿ ರೂಪಿಸಿತು. ಅದೇ ತಿಂಗಳ ಕೊನೆಯಲ್ಲಿ ಪಂಚಾಯತಿ ಕಟ್ಟಡ, ಸಮುದಾಯ ಭವನ, ವೃದ್ಧಾಶ್ರಮ ಇಂಥೆಡೆಗಳಲ್ಲಿ ಹಿರಿಯರಿಗೂ ಅಂಗವಿಕಲರಿಗೂ ಮನೆಯ ಸಮೀಪದ ಲಸಿಕಾ ಕೇಂದ್ರಗಳನ್ನು ನಡೆಸಲು ಅನುಮತಿ ದೊರೆಯಿತು. ನಡೆಯಲಾರದವರಿಗೆ ಮನೆಯಲ್ಲಿಯೇ ಲಸಿಕೆ ಎಂಬ ಪ್ರಕಟಣೆ ಬಂದದ್ದು ಸೆಪ್ಟೆಂಬರ್‌ನಲ್ಲಿ. ಈ ಮೂರೂ ಸರಿಯಾದ ಕ್ರಮಗಳು, ಮೂರೂ ತಡವಾದವು. ಅತ್ಯಂತ ದುರ್ಬಲರು ಯಾವ ಬಾಗಿಲಿನಲ್ಲಿ ಪ್ರವೇಶಿಸಬಲ್ಲರೋ ಆ ಬಾಗಿಲನ್ನು ಕೊನೆಗೆ ತೆರೆಯುವುದು ಆಡಳಿತದ ಹಳೆಯ ಅಭ್ಯಾಸ. ಅದನ್ನು ಮೊದಲು ತೆರೆದರೆ ಉಳಿದವರೆಲ್ಲರೂ ಅದರಲ್ಲಿಯೇ ಬರಬಲ್ಲರು.

೫

ಈಗ ನನ್ನ ವಾದದ ಮಧ್ಯಬಿಂದುವಿಗೆ ಬರುತ್ತೇನೆ. ವೃದ್ಧರ ಶರೀರವು ಲಸಿಕೆಗೆ ಕೊಡುವ ಉತ್ತರ ಯೌವನದವರದಕ್ಕಿಂತ ಮಂದವಾಗಿರುತ್ತದೆ, ಬೇಗ ಕ್ಷೀಣಿಸುತ್ತದೆ. ಅದಕ್ಕಾಗಿಯೇ ಅವರಿಗೆ ಮುನ್ನೆಚ್ಚರಿಕೆಯೆಂಬ ಮೂರನೆಯ ಡೋಸು ಅವಶ್ಯವಾದದ್ದು. ನಮ್ಮಲ್ಲಿ ಅದು ೨೦೨೨ರ ಜನವರಿ ೧೦ರಿಂದ, ಅನ್ಯರೋಗಗಳುಳ್ಳ ಹಿರಿಯರಿಗೆ ಮೊದಲು ದೊರೆಯಿತು. ವೃದ್ಧರಿಗೆ ಹಾಕಿದ ಲಸಿಕೆ ಹೀಗೆ ಅಪೂರ್ಣವಾದ ಕವಚವಾಗಿರುವುದರಿಂದಲೇ, ಅವರ ಸುತ್ತಣ ಆರೋಗ್ಯವಂತರಿಗೆ ಹಾಕಿದ ಲಸಿಕೆಯು ಅವರ ಎರಡನೆಯ ಕವಚವಾಗಬೇಕು.

ಇದು ಕೋವಿಡ್ ಕಾಲದಲ್ಲಿ ಹುಟ್ಟಿದ ಊಹೆಯಲ್ಲ. ಸ್ಕಾಟ್ಲೆಂಡಿನ ೨೦ ವೃದ್ಧರ ಆಸ್ಪತ್ರೆಗಳಲ್ಲಿ ೧೯೯೦ರ ದಶಕದಲ್ಲಿ ಒಂದು ಪ್ರಯೋಗ ನಡೆಯಿತು. ಅರ್ಧದಷ್ಟು ಆಸ್ಪತ್ರೆಗಳಲ್ಲಿ ಶುಶ್ರೂಷಕರಿಗೆ ಶೀತಜ್ವರದ, ಎಂದರೆ ಇನ್‌ಫ್ಲುಯೆಂಜಾದ ಲಸಿಕೆಯನ್ನು ಕೊಡಮಾಡಿದರು, ಉಳಿದವುಗಳಲ್ಲಿ ಇಲ್ಲ. ಆ ಚಳಿಗಾಲದಲ್ಲಿ ಮೊದಲನೆಯವುಗಳಲ್ಲಿ ರೋಗಿಗಳ ಮರಣ ನೂರಕ್ಕೆ ೧೩.೬, ಎರಡನೆಯವುಗಳಲ್ಲಿ ೨೨.೪. ಈ ಅಂತರವೆಲ್ಲವೂ ಲಸಿಕೆಯಿಂದಲೇ ಆದದ್ದೆ ಎಂದು ಅನಂತರದ ವಿಮರ್ಶಕರು ಸಂದೇಹಪಟ್ಟಿದ್ದಾರೆ. ಆದರೆ ಅದು ತೋರಿಸಿದ ದಿಕ್ಕನ್ನು ಅಲ್ಲಗಳೆಯಲು ಬಾರದು. ಜಪಾನಿನ ಸಾಕ್ಷ್ಯ ಇನ್ನೂ ವಿಸ್ತಾರವಾದದ್ದು. ಅಲ್ಲಿ ೧೯೬೨ರಿಂದ ಶಾಲೆಯ ಮಕ್ಕಳಿಗೆಲ್ಲ ಇದೇ ಲಸಿಕೆಯನ್ನು ಹಾಕುತ್ತಿದ್ದರು. ೧೯೯೪ರಲ್ಲಿ ಅದಕ್ಕಿದ್ದ ಶಾಸನವನ್ನು ಕೈಬಿಟ್ಟರು. ಲಸಿಕೆ ಜಾರಿಯಲ್ಲಿದ್ದ ವರ್ಷಗಳಲ್ಲಿ ಕಡಮೆಯಾಗಿದ್ದ ಚಳಿಗಾಲದ ಮರಣಗಳು ಅದನ್ನು ಬಿಟ್ಟ ಮೇಲೆ ಮತ್ತೆ ಏರಿದವು. ಉಳಿದ ಪ್ರಾಣಗಳು ಹೆಚ್ಚಾಗಿ ಮಕ್ಕಳವಲ್ಲ, ವೃದ್ಧರವು. ವರ್ಷಕ್ಕೆ ೩೭,೦೦೦ದಿಂದ ೪೯,೦೦೦ ಮರಣಗಳು ತಪ್ಪುತ್ತಿದ್ದವೆಂದು ೨೦೦೧ರಲ್ಲಿ ಪ್ರಕಟವಾದ ಅಧ್ಯಯನವೊಂದು ಗಣಿಸಿತು. ಮೊಮ್ಮಕ್ಕಳ ತೋಳಿಗೆ ಹಾಕಿದ ಲಸಿಕೆ ಅಜ್ಜಂದಿರನ್ನು ಉಳಿಸಿತೆಂದು ಹೇಳಿದರೆ ಅದು ಅಲಂಕಾರದ ಮಾತಲ್ಲ.

ಹೀಗಿರುವಾಗ, ಅಮೆರಿಕದ ಹನ್ನೊಂದು ಸಾವಿರಕ್ಕೂ ಹೆಚ್ಚು ಶುಶ್ರೂಷಾಲಯಗಳಲ್ಲಿ ಮೊದಲ ಒಂದು ತಿಂಗಳು ನಡೆದ ಲಸಿಕಾ ಕಾರ್ಯದ ಲೆಕ್ಕ ನಮ್ಮನ್ನು ಚಿಂತೆಗೀಡುಮಾಡಬೇಕು. ನಿವಾಸಿಗಳಲ್ಲಿ ನೂರಕ್ಕೆ ಸುಮಾರು ೭೮ ಮಂದಿ ಲಸಿಕೆ ಪಡೆದಿದ್ದರೆ, ಸಿಬ್ಬಂದಿಯಲ್ಲಿ ಪಡೆದವರು ನೂರಕ್ಕೆ ೩೮ರಷ್ಟು. ಇದನ್ನು ಅಜ್ಞಾನವೆಂದು ಜರೆಯುವುದು ಸುಲಭ. ಆದರೆ ಒಂದು ದಿನ ಜ್ವರ ಬಂದು ಮಲಗಿದರೆ ಆ ದಿನದ ಕೂಲಿ ಹೋಗುವ ಹೆಣ್ಣುಮಗಳಿಗೆ, ಲಸಿಕೆಯ ಮರುದಿನದ ಮೈಕೈನೋವು ಕೇವಲ ಮೈಕೈನೋವಲ್ಲ. ಯಾವ ಸಂಸ್ಥೆ ತನ್ನ ಮಾತನ್ನು ಬೇರೆ ಯಾವ ವಿಷಯದಲ್ಲಿಯೂ ಕೇಳಿಲ್ಲವೋ, ಅದು ಈ ಒಂದು ವಿಷಯದಲ್ಲಿ ತನ್ನ ಹಿತವನ್ನು ಬಯಸುತ್ತದೆಂದು ಆಕೆ ನಂಬುವುದಾದರೂ ಹೇಗೆ? ಇಂಗ್ಲೆಂಡ್ ಬಲಾತ್ಕಾರದ ದಾರಿ ಹಿಡಿದು, ಲಸಿಕೆಯಿಲ್ಲದವರು ಆರೈಕೆಮನೆಗಳಲ್ಲಿ ಕೆಲಸ ಮಾಡಕೂಡದೆಂದು ೨೦೨೧ರ ನವೆಂಬರ್ ೧೧ರಿಂದ ವಿಧಿಸಿತು. ೨೦೨೨ರ ಮಾರ್ಚ್‌ನಲ್ಲಿ ಅದನ್ನು ತಾನೇ ಹಿಂತೆಗೆದುಕೊಂಡಿತು. ಸಂಬಳಸಹಿತವಾದ ರಜೆ, ಒಂದೇ ಸಂಸ್ಥೆಯಲ್ಲಿ ದುಡಿದು ಬದುಕುವಷ್ಟು ವೇತನ, ಶುಶ್ರೂಷಕಿಯ ಭಾಷೆಯಲ್ಲಿ ಆಕೆಯ ಸಂದೇಹಕ್ಕೆ ಉತ್ತರ ಕೊಡುವ ವ್ಯವಧಾನ, ಇವು ಮೂರು ಇರುವ ಕಡೆ ಆಜ್ಞೆಯ ಅಗತ್ಯ ಅಪರೂಪವಾಗುತ್ತದೆ.

೬

ಲಸಿಕೆಗೆ ಹಿರಿಯರ ಸಮ್ಮತಿ ಪಡೆಯುವ ವಿಷಯ ಇನ್ನೂ ಹೆಚ್ಚು ಸೂಕ್ಷ್ಮವಾದದ್ದು. ಮರೆವಿನ ರೋಗಕ್ಕೆ ಒಳಗಾದ ಹಿರಿಯರು ತಮ್ಮ ಪರವಾಗಿ ತಾವು ನಿರ್ಧರಿಸಲಾರರು. ಆಗ ನಿರ್ಧಾರ ಮಕ್ಕಳದಾಗುತ್ತದೆ. ಹಾಂಗ್‌ಕಾಂಗ್ ನಗರದ ಅನುಭವವು ಇಲ್ಲಿ ಎಚ್ಚರಿಕೆಯಾಗತಕ್ಕದ್ದು. ಗಡಿಗಳನ್ನು ಬಿಗಿಯಾಗಿ ಮುಚ್ಚಿ ಎರಡು ವರ್ಷ ರೋಗವನ್ನು ಬಹುಮಟ್ಟಿಗೆ ಹೊರಗಿರಿಸಿದ್ದ ಆ ನಗರದಲ್ಲಿ ಲಸಿಕೆ ಧಾರಾಳವಾಗಿ ದೊರೆಯುತ್ತಿದ್ದರೂ, ಅಪಾಯವೇ ಕಾಣದಿದ್ದಾಗ ಅಡ್ಡಪರಿಣಾಮದ ಭಯವೇ ದೊಡ್ಡದಾಗಿ ತೋರಿ, ಕುಟುಂಬಗಳು ವೃದ್ಧರ ಲಸಿಕೆಯನ್ನು ಮುಂದೂಡುತ್ತ ಬಂದವು. ೨೦೨೨ರ ಆದಿಯಲ್ಲಿ ಓಮಿಕ್ರಾನ್ ಎಂಬ ಹೊಸ ತಳಿ ಒಳನುಗ್ಗಿತು. ಜನವರಿಯಿಂದ ಮಾರ್ಚ್ ೨೧ರವರೆಗೆ ವರದಿಯಾದ ೫,೯೦೬ ಮರಣಗಳಲ್ಲಿ ನೂರಕ್ಕೆ ೯೬ ಅರುವತ್ತು ಮೀರಿದವರವು. ಆ ವೃದ್ಧರಲ್ಲಿ ನೂರಕ್ಕೆ ೭೦ ಮಂದಿ ಒಂದು ಡೋಸನ್ನೂ ಪಡೆದವರಲ್ಲ. ತಂದೆತಾಯಿಗಳಿಗೆ ಕೆಡುಕಾಗದಿರಲೆಂಬ ಪ್ರೀತಿಯೇ ಅವರನ್ನು ನಿರಾಯುಧರನ್ನಾಗಿ ಮಾಡಿತು. ಮಾಡಿದ ಕರ್ಮಕ್ಕೆ ಮಾತ್ರ ತಾವು ಹೊಣೆ, ಮಾಡದೆ ಬಿಟ್ಟದ್ದಕ್ಕೆ ಅಲ್ಲ ಎಂಬ ಭಾವನೆ ಮನುಷ್ಯಸಹಜ. ಅದನ್ನು ತಿಳಿಸಿ ತಿದ್ದತಕ್ಕ ಕಾಲವು ರೋಗ ಬರುವುದಕ್ಕೆ ಮುಂಚಿನದು. ಬಂದ ಮೇಲೆ ಅದಕ್ಕೆ ಅವಕಾಶವಿರುವುದಿಲ್ಲ.

೭

ಕೊನೆಯ ಪ್ರಶ್ನೆ, ರಕ್ಷಣೆಗೆ ಮಿತಿಯೆಲ್ಲಿ ಎಂಬುದು. ಅಮೆರಿಕದಲ್ಲಿ ೨೦೨೦ರ ಮಾರ್ಚ್ ೧೩ರಂದು, ನೆದರ್‌ಲ್ಯಾಂಡ್ಸ್‌ನಲ್ಲಿ ಮಾರ್ಚ್ ೨೦ರಂದು ಶುಶ್ರೂಷಾಲಯಗಳಿಗೆ ಬಂಧುಗಳ ಪ್ರವೇಶವನ್ನು ನಿಷೇಧಿಸಿದರು. ರೋಗದ ಸ್ವರೂಪ ಗೊತ್ತಿಲ್ಲದ ಆ ವಾರಗಳಲ್ಲಿ ಅದು ಅನಿವಾರ್ಯವಾಗಿತ್ತೆನ್ನಬಹುದು. ನೆದರ್‌ಲ್ಯಾಂಡ್ಸ್ ಮೇ ತಿಂಗಳಲ್ಲಿಯೇ ೨೬ ಶುಶ್ರೂಷಾಲಯಗಳಲ್ಲಿ ಒಬ್ಬೊಬ್ಬ ಬಂಧುವನ್ನು ಒಳಗೆ ಬಿಟ್ಟು ಪರೀಕ್ಷಿಸಿ ನೋಡಿತು. ಅಮೆರಿಕದಲ್ಲಿ ಒಳಗಿನ ಭೇಟಿಗೆ ಉದಾರವಾದ ಅನುಮತಿ ಬಂದದ್ದು, ಲಸಿಕೆ ಬಂದ ಅನಂತರ, ೨೦೨೧ರ ಮಾರ್ಚ್ ೧೦ರಂದು. ನಡುವಣ ಒಂದು ವರ್ಷದಲ್ಲಿ ಎಷ್ಟೋ ಮಂದಿ ವೃದ್ಧರು ಊಟ ಬಿಟ್ಟರು, ನಡೆಯುವುದನ್ನು ಮರೆತರು, ಮಕ್ಕಳ ಮುಖವನ್ನು ಗಾಜಿನ ಆಚೆಯಿಂದ ಕಂಡು ಗುರುತಿಸಲಾರದೆ ಹೋದರು. ಆಯುಸ್ಸು ಎರಡೇ ವರ್ಷ ಉಳಿದಿರುವವರಿಂದ ಒಂದು ವರ್ಷದ ಬಂಧುದರ್ಶನವನ್ನು ಕಿತ್ತುಕೊಂಡರೆ, ಉಳಿಸಿಕೊಟ್ಟದ್ದು ಯಾವುದೆಂದು ಕೇಳಬೇಕಾಗುತ್ತದೆ.

ನಮ್ಮ ನಾಡಿನ ಹಿಂದಿನ ಅನುಭವವೊಂದನ್ನು ಇದರೊಡನೆ ಹೋಲಿಸಬಹುದು. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಕಾಲದಿಂದ ಮೊದಲುಗೊಂಡು ಹಲವು ದಶಕಗಳವರೆಗೆ, ಇಲಿ ಬಿದ್ದಿತೆಂದರೆ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡು ಇರುವುದು ವಾಡಿಕೆಯಾಗಿತ್ತು. ಆ ಕಷ್ಟದಲ್ಲಿಯೂ ಹೊರಟದ್ದು ಇಡೀ ಸಂಸಾರ. ಮುದುಕರನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋಗುತ್ತಿದ್ದರು. ಅಂದು ದೂರ ಮಾಡಿದ್ದು ರೋಗದ ಸ್ಥಳವನ್ನು, ಸಂಬಂಧವನ್ನಲ್ಲ. ಇಂದೂ ಹಾಗೆಯೇ, ಸಂಬಂಧಿಕರಲ್ಲಿ ಒಬ್ಬರನ್ನೋ ಇಬ್ಬರನ್ನೋ ಶುಶ್ರೂಷಾವಲಯದ ಅಂಗವೆಂದೇ ಪರಿಗಣಿಸಿ, ಸಿಬ್ಬಂದಿಗೆ ಕೊಡುವ ಲಸಿಕೆ, ಮುಖಗವಸು, ಪರೀಕ್ಷೆಗಳನ್ನು ಅವರಿಗೂ ಕೊಟ್ಟು ಒಳಗೆ ಬಿಡುವುದಾದರೆ, ಅಪಾಯ ಸ್ವಲ್ಪವೇ ಹೆಚ್ಚಾಗಿ ಬದುಕು ಬಹುವಾಗಿ ಉಳಿಯುತ್ತದೆ. ಕಿಟಕಿಗಳನ್ನು ತೆರೆದು ಗಾಳಿಯಾಡಿಸುವುದು, ಜಗುಲಿ ಅಂಗಳಗಳಲ್ಲಿ ಭೇಟಿಗೆ ಏರ್ಪಾಡು ಮಾಡುವುದು, ಇವು ನಮ್ಮ ಹವೆಯಲ್ಲಿ ಖರ್ಚಿಲ್ಲದೆ ಸಾಧ್ಯವಾಗತಕ್ಕವು.

೮

ಸಭಿಕರೇ, ಇಷ್ಟು ವಿಚಾರದಿಂದ ಫಲಿಸುವ ಕರ್ತವ್ಯಗಳನ್ನು ಸಂಗ್ರಹಿಸಿ ಹೇಳಿ ಮುಗಿಸುತ್ತೇನೆ. ಸರ್ಕಾರದ್ದಾಗಲಿ ಧರ್ಮಸಂಸ್ಥೆಯದಾಗಲಿ ಹಣ ಕೊಟ್ಟು ವಾಸಿಸುವವರದಾಗಲಿ, ಪ್ರತಿಯೊಂದು ವೃದ್ಧಾಶ್ರಮವೂ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೊಂದಿಕೊಂಡಿರಬೇಕು. ಅಲ್ಲಿಯ ನಿವಾಸಿಗಳ ಮತ್ತು ಸಿಬ್ಬಂದಿಯ ಪಟ್ಟಿ ಒಂದೇ ಪುಸ್ತಕದಲ್ಲಿ ಸಿದ್ಧವಾಗಿರಬೇಕು. ಲಸಿಕೆಯನ್ನು ಹಾಸಿಗೆಯ ಬಳಿಗೆ ಒಯ್ಯುವ ತಂಡ ನಿಯತವಾಗಿರಬೇಕು. ಆಶ್ರಮಕ್ಕೆ ಸೇರುವ ದಿನವೇ ಹಿರಿಯರ ಇಚ್ಛೆಯನ್ನೂ, ಅವರು ನಿರ್ಧರಿಸಲಾರದಾಗ ಅವರ ಪರವಾಗಿ ನಿರ್ಧರಿಸತಕ್ಕವರ ಹೆಸರನ್ನೂ ಬರೆದಿಡಬೇಕು. ಸಾಂಕ್ರಾಮಿಕವಿಲ್ಲದ ವರ್ಷಗಳಲ್ಲಿಯೂ ಶೀತಜ್ವರದ ಮತ್ತು ನ್ಯೂಮೋನಿಯಾದ ಲಸಿಕೆಗಳನ್ನು ಈ ದಾರಿಯಲ್ಲಿಯೇ ಕೊಡುತ್ತ ಬಂದರೆ, ಮಹಾವ್ಯಾಧಿ ಬಂದಾಗ ದಾರಿಯನ್ನು ಹೊಸದಾಗಿ ಹುಡುಕಬೇಕಾಗುವುದಿಲ್ಲ. ಎಲ್ಲಕ್ಕೂ ಮಿಗಿಲಾಗಿ, ಆಯಾ ಎಂದು ಕರೆಸಿಕೊಳ್ಳುವ ಆ ಹೆಣ್ಣುಮಗಳ ವೇತನ, ರಜೆ, ಮಾನ ಇವು ಆಕೆಯ ಖಾಸಗಿ ಸಂಗತಿಗಳಲ್ಲ, ಸಾರ್ವಜನಿಕ ಆರೋಗ್ಯದ ಸಂಗತಿಗಳೆಂದು ಒಪ್ಪಿಕೊಳ್ಳಬೇಕು. ವೃದ್ಧರ ಮೇಲಣ ಗೌರವವನ್ನು ನಾವು ಬಹುಕಾಲದಿಂದ ನಮಸ್ಕಾರದಲ್ಲಿ ತೋರಿಸಿಕೊಂಡು ಬಂದಿದ್ದೇವೆ. ಇನ್ನು ಮೇಲೆ ಅದು ಆಯವ್ಯಯದ ಪತ್ರದಲ್ಲಿಯೂ ಕಾಣಿಸಬೇಕು.